ಸೊಟ್ಟ ಚಕ್ರಕ್ಕೊಂದು ನೆಟ್ಟನೆಯ ಕೋಲು

ಐದಡಿ ಉದ್ದದ ಒಂದು ಚೌಕ ಪೈಪು. ಅದರ ಎರಡು ತುದಿಯ ಹತ್ತಿರ ಒಂದೊಂದು ಗೇಣುದ್ದದ ಕಂಬ. ಪ್ರತಿ ಕಂಬದ ತಲೆಯಲ್ಲಿ ಹೊರಮುಖವಾಗಿ ಚಾಚಿದ ಒಂದು ಚೂಪು ಮೊನೆ. ಕಾರಿನ ಮುಂದಿನ ಚಕ್ರಗಳು ಒಂದಕ್ಕೊಂದು ಸರಿಯಾಗಿ ನಿಂತಿವೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಿ ಹೇಳುವ ಸಲಕರಣೆ ಇಷ್ಟೇ. ಇಂಗ್ಲಿಷಿನವರು ಇದನ್ನು ಟ್ರ್ಯಾಮೆಲ್ ಗೇಜ್ ಎನ್ನುತ್ತಾರೆ. ಮೂಲೆಯಲ್ಲಿ ಒರಗಿಸಿಟ್ಟರೆ, ಬಟ್ಟೆ ಒಣಹಾಕುವ ಸ್ಟ್ಯಾಂಡು ಮುರಿದಿದೆ ಅಂದುಕೊಂಡು ಮನೆಯವರು ಗುಜರಿಗೆ ಹಾಕಿಬಿಡುವ ಸಂಭವವೇ ಹೆಚ್ಚು.

ಈ ಕೋಲಿನ ಮೇಲೆ ಅಂಕಿಯಿಲ್ಲ, ಗೀಟಿಲ್ಲ. ಇದು ಅಳೆಯುವ ಸಾಧನವೇ ಅಲ್ಲ, ಹೋಲಿಸುವ ಸಾಧನ. ಮಗುವಿನ ಕಾಲಿಗೆ ದಾರ ಸುತ್ತಿ, ಗಂಟು ಹಾಕಿ, ಆ ದಾರವನ್ನೇ ಅಕ್ಕಸಾಲಿಗನ ಮುಂದೆ ಇಟ್ಟರೆ ಕಾಲ್ಗಡಗ ಬರುತ್ತದಲ್ಲ, ಹಾಗೆ. ದಾರಕ್ಕೆ ಆ ಉದ್ದ ಎಷ್ಟು ಅಂಗುಲ ಎಂಬುದು ಗೊತ್ತಿಲ್ಲ, ಆದರೆ ಮರೆಯುವುದೂ ಇಲ್ಲ. ಈ ಕೋಲೂ ಅಷ್ಟೇ. ಚಕ್ರಗಳ ಹಿಂಬದಿಯ ಅಂತರವನ್ನು ನೆನಪಿಟ್ಟುಕೊಂಡು ಮುಂಬದಿಗೆ ಬರುತ್ತದೆ. ಅಲ್ಲಿ ಹೊಂದಿದರೆ ಸರಿ, ಹೊಂದದಿದ್ದರೆ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಎಂದು ತೋರಿಸುತ್ತದೆ.

ಕೆಲವರು ನಡೆಯುವಾಗ ಪಾದದ ತುದಿ ಒಳಕ್ಕೆ ತಿರುಗಿರುತ್ತದೆ, ಕೆಲವರದು ಹೊರಕ್ಕೆ. ಚಕ್ರಗಳಿಗೂ ಈ ಚಾಳಿ ಉಂಟು. ಮುಂಬದಿ ಹತ್ತಿರವಾಗಿ ಹಿಂಬದಿ ದೂರವಾದರೆ ಟೋ ಇನ್, ತಿರುಗುಮುರುಗಾದರೆ ಟೋ ಔಟ್. ಮಾತಾಡುತ್ತಿರುವುದು ಮಿಲಿಮೀಟರುಗಳ ಬಗ್ಗೆ. 600 ಮಿ.ಮೀ. ವ್ಯಾಸದ ಟೈರಿನಲ್ಲಿ ಒಂದು ಡಿಗ್ರಿ ಎಂದರೆ ಹತ್ತೂವರೆ ಮಿ.ಮೀ., ಆರು ಕಲೆ (ಒಂದು ಡಿಗ್ರಿಗೆ ಅರವತ್ತು ಕಲೆ) ಎಂದರೆ ಸುಮಾರು ಒಂದು ಮಿ.ಮೀ. ಎರಡೂ ಚಕ್ರ ಸೇರಿ 3 ಮಿ.ಮೀ. ತಪ್ಪಿದ್ದರೆ ಒಂದೊಂದರ ಪಾಲು ಒಂದೂವರೆ. ಲೆಕ್ಕ ಹಾಕಿದರೆ, ಪ್ರತಿ ಕಿಲೋಮೀಟರಿಗೆ ಒಂದೊಂದು ಟೈರೂ ಎರಡೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಸಿಕೊಳ್ಳುತ್ತಾ ಉರುಳುತ್ತದೆ. ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ರಬ್ಬರು ರಸ್ತೆಗೆ ದಾನವಾಯಿತೋ ಟೈರಿಗೇ ಗೊತ್ತು. ಟೋ ಇನ್ ಹೆಚ್ಚಾದರೆ ಹೊರ ಅಂಚು ಸವೆಯುತ್ತದೆ, ಟೋ ಔಟ್ ಹೆಚ್ಚಾದರೆ ಒಳ ಅಂಚು. ಒಳ ಅಂಚಿನ ಸವೆತ ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ತಂತಿ ಕಾಣಿಸಿದ ಮೇಲೇ ಗೊತ್ತಾಗುವುದು. ರಸ್ತೆ ಮುಟ್ಟುವ ಟೈರಿನ ಬಟನ್ ಮೇಲೆ ಅಂಗೈಯನ್ನು ಅಡ್ಡಕ್ಕೆ ಆಡಿಸಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆದರೆ ಟೋ ಕೆಟ್ಟಿದೆ ಎಂದು ಅನುಮಾನಿಸಬಹುದು.

ಆದರೆ ಸ್ಟಿಯರಿಂಗಿನ ಎಲ್ಲ ಪಾಪವನ್ನೂ ಟೋ ತಲೆಗೆ ಕಟ್ಟಬಾರದು. ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಅದು ಬ್ಯಾಲೆನ್ಸಿಂಗ್ ವಿಚಾರ. ಗಾಡಿ ಒಂದು ಕಡೆಗೆ ಎಳೆದರೆ ಮೊದಲು ಗಾಳಿ ನೋಡಬೇಕು. ಆಮೇಲೆ ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಬೇಕು. ಎಳೆತವೂ ಕಡೆ ಬದಲಿಸಿದರೆ ದೋಷ ಟೈರಿನದು. (ತಿರುಗುವ ದಿಕ್ಕಿಗೆ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಿಸುವ ಹಾಗಿಲ್ಲ.) ಬ್ರೇಕ್ ಹಿಡಿದುಕೊಂಡಿದೆಯೇ ಎಂದು ರಿಮ್ಮಿನ ಬಿಸಿ ಮುಟ್ಟಿ ನೋಡಬೇಕು. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ನಡುವಿನಿಂದ ಎಡಕ್ಕೆ ಇಳಿಜಾರಾಗಿರುತ್ತವೆ, ಹಾಗಾಗಿ ಎಡಕ್ಕೆ ಒಂಚೂರು ವಾಲುವುದು ಗಾಡಿಯ ರೋಗವಲ್ಲ, ರಸ್ತೆಯ ಗುಣ.

ಇನ್ನೊಂದು ಪರೀಕ್ಷೆ ಬಿಡಲೇಬಾರದು. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕಟಕ ಅಂದರೆ ಟೈ ರಾಡಿನ, ಅಂದರೆ ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ, ತುದಿ ಸವೆದಿದೆ. ಹನ್ನೆರಡು ಮತ್ತು ಆರರಲ್ಲಿ ಹಿಡಿದಾಗ ಅಲ್ಲಾಡಿದರೆ ಬೇರಿಂಗು ಅಥವಾ ಕೆಳಗಿನ ಬಾಲ್ ಜಾಯಿಂಟು. ಇವು ಸಡಿಲವಿರುವಾಗ ಅಲೈನ್‌ಮೆಂಟ್ ಮಾಡುವುದು ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ.

ಕೋಲನ್ನು ಮಾಡಿಕೊಳ್ಳುವುದಕ್ಕೆ ಅರ್ಧ ದಿನ ಸಾಕು. ಇಪ್ಪತ್ತು ಮಿ.ಮೀ. ಚೌಕದ ಕಬ್ಬಿಣದ ಪೈಪು ಒಳ್ಳೆಯದು. ಪರದೆ ಕಟ್ಟುವ ಅಲ್ಯೂಮಿನಿಯಂ ಕೊಳವೆ ಹಗುರವೇನೋ ಹೌದು, ಆದರೆ ಎತ್ತಿಡುವಾಗ ಬಳುಕುತ್ತದೆ, ಬಳುಕುವ ಕೋಲಿಗೆ ನೆನಪಿನ ಶಕ್ತಿ ಕಡಿಮೆ. ಕಂಬಗಳು ಸಪೂರವಿರಬೇಕು, ಇಲ್ಲದಿದ್ದರೆ ಟೈರಿಗೂ ಮಡ್‌ಗಾರ್ಡಿನ ಒಳಪದರಕ್ಕೂ ನಡುವಿನ ಸಂದಿಯಲ್ಲಿ ನುಗ್ಗುವುದಿಲ್ಲ. ಮೊನೆಗಳು ನಿಲ್ಲಬೇಕಾದದ್ದು ಚಕ್ರದ ನಡುಮಟ್ಟದಲ್ಲಿ, ಸಣ್ಣ ಕಾರಿಗೆ ನೆಲದಿಂದ ಸುಮಾರು 280 ಮಿ.ಮೀ. ಎತ್ತರದಲ್ಲಿ. ಅಷ್ಟೆತ್ತರದಲ್ಲಿ ಟೇಪು ಎಳೆಯೋಣವೆಂದರೆ ನಡುವೆ ಎಂಜಿನ್ನು, ಸೈಲೆನ್ಸರ್ ಪೈಪು ಅಡ್ಡ ಬರುತ್ತವೆ. ಆದ್ದರಿಂದಲೇ ಈ ಕೋಲು ನೆಲ ಹಿಡಿದು ಗಾಡಿಯ ಹೊಟ್ಟೆಯಡಿ ನುಸುಳಿ, ಎರಡು ಕಡೆ ಕತ್ತೆತ್ತಿ ನೋಡುವುದು. ಜಾಗ ಸಾಲದೆ ಮೊನೆಗಳನ್ನು 80 ಮಿ.ಮೀ. ಕೆಳಗಿಟ್ಟರೂ ನಷ್ಟ ನೂರಕ್ಕೆ ನಾಲ್ಕರಷ್ಟೇ, ಚಿಂತೆಯಿಲ್ಲ. ಹಿಂದೆ ಎಷ್ಟು ಎತ್ತರವೋ ಮುಂದೆಯೂ ಅಷ್ಟೇ ಇದ್ದರಾಯಿತು.

ಇಡೀ ಕೋಲಿನಲ್ಲಿ ಜಾಣತನ ಇರುವುದು ಒಂದೇ ಕಡೆ, ಮೊನೆಯಲ್ಲಿ. ಒಂದು ಕಡೆಯ ಮೊನೆ ಕದಲಬಾರದು. ಇನ್ನೊಂದಕ್ಕೆ ಕಂಬದ ತಲೆಗೆ ನಟ್ಟು ಬೆಸೆದು, ಅದರೊಳಗೆ ಉದ್ದಕ್ಕೂ ಮರೆ (ತಿರುಪಿನ ಸುತ್ತುಗೆರೆ) ಇರುವ 6 ಮಿ.ಮೀ. ಬೋಲ್ಟು ತೂರಿಸಿ, ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡಬೇಕು. ಆರರ ಬೋಲ್ಟೇ ಏಕೆಂದರೆ ಅದರ ಮರೆಯ ಅಂತರ ಸರಿಯಾಗಿ ಒಂದು ಮಿ.ಮೀ. ಒಂದು ಸುತ್ತು ತಿರುಗಿಸಿದರೆ ಮೊನೆ ಒಂದು ಮಿ.ಮೀ. ಸರಿಯುತ್ತದೆ, ಕಾಲು ಸುತ್ತಿಗೆ ಕಾಲು. ಎಂಟರ ಬೋಲ್ಟು ಹಾಕಿದರೆ ಒಂದೂಕಾಲು ಮಗ್ಗಿ ಹೇಳಿಕೊಂಡು ಕೂರಬೇಕಾಗುತ್ತದೆ.

ಇಷ್ಟಾದರೂ ಟೈರನ್ನು ನಂಬುವ ಹಾಗಿಲ್ಲ. ಟೈರು ಕಾಣುವಷ್ಟು ದುಂಡಗಿಲ್ಲ, ಪಕ್ಕದಲ್ಲಿ ಉಬ್ಬುತಗ್ಗು, ರಿಮ್ಮಿಗೆ ಗುಂಡಿಯಲ್ಲಿ ಬಿದ್ದ ಸಣ್ಣ ಪೆಟ್ಟು. ಇದಕ್ಕೆ ಹಳೆಯ ಮೆಕ್ಯಾನಿಕ್‌ಗಳು ಕಂಡುಕೊಂಡಿರುವ ಉಪಾಯ ನೋಡುವುದಕ್ಕೇ ಚೆಂದ. ಚಕ್ರವನ್ನು ಎತ್ತಿ ನಿಲ್ಲಿಸಿ, ಟೈರಿನ ನಡುಭಾಗಕ್ಕೆ ಸುತ್ತಲೂ ಸೀಮೆಸುಣ್ಣ ಬಳಿಯುತ್ತಾರೆ. ಭಾರದ ಒಂದು ಮರದ ತುಂಡಿಗೆ ಮೊಳೆ ಹೊಡೆದು, ಮೊಳೆಯ ತುದಿ ಟೈರಿಗೆ ತಾಗುವ ಹಾಗೆ ನೆಲದ ಮೇಲಿಟ್ಟು, ಕಾಲಲ್ಲಿ ಒತ್ತಿ ಹಿಡಿದು, ಚಕ್ರವನ್ನು ನಿಧಾನ ತಿರುಗಿಸುತ್ತಾರೆ. ಬಿಳಿಯ ಮೇಲೆ ಕೂದಲೆಳೆಯಂಥ ಕರಿಗೆರೆ ಬೀಳುತ್ತದೆ. ಟೈರು ಎಷ್ಟೇ ತೊನೆದಾಡಲಿ, ಮೊಳೆ ಕದಲದ ಕಾರಣ ಗೆರೆ ಮಾತ್ರ ಚಕ್ರ ತಿರುಗುವ ಅಚ್ಚಿಗೆ ಸರಿಯಾಗಿ ಬಿದ್ದಿರುತ್ತದೆ. ಗೆರೆಯ ಕೊನೆ ಬಂದು ಮೊದಲಿಗೆ ಕೂಡಬೇಕು. ಕೂಡದೆ ಪಕ್ಕಕ್ಕೆ ಬಿದ್ದರೆ ಮರದ ತುಂಡು ಜರುಗಿದೆ ಅಥವಾ ಬೇರಿಂಗ್ ಸಡಿಲವಿದೆ ಎಂದರ್ಥ. ಒರೆಸಿ ಮತ್ತೆ ಎಳೆಯಬೇಕು.

ಅವಸರದವರು ಎಡವುವುದು ಇದರ ಮುಂದಿನ ಹಂತದಲ್ಲಿ. ಜಾಕ್ ಇಳಿಸಿದ ತಕ್ಷಣ ಕೋಲು ಹಿಡಿದು ಬಗ್ಗುತ್ತಾರೆ. ಎತ್ತಿದಾಗ ಜೋತುಬಿದ್ದ ಚಕ್ರಗಳು ಇಳಿಯುವಾಗ ಹೊರಕ್ಕೆ ಹರಡಿಕೊಳ್ಳಲು ನೋಡುತ್ತವೆ, ಟೈರಿನ ಹಿಡಿತ ಬಿಡುವುದಿಲ್ಲ. ಗಾಡಿ ಕಾಲು ಮಡಚಿ ಅರ್ಧ ಕೂತಂತೆ ಇರುತ್ತದೆ. ಬಾನೆಟ್ ಮೇಲೆ ನಾಲ್ಕು ಸಲ ಒತ್ತಿ ಕುಲುಕಿ, ಮೂರು ನಾಲ್ಕು ಮೀಟರ್ ಮುಂದಕ್ಕೆ ತಳ್ಳಬೇಕು. ಮುಂದಕ್ಕೇ ತಳ್ಳಬೇಕು. ಹಿಂದಕ್ಕೆ ತಳ್ಳಿದರೆ ಜಾಯಿಂಟುಗಳ ಸಡಿಲವೆಲ್ಲ ಉಲ್ಟಾ ದಿಕ್ಕಿಗೆ ಕೂತು, ಓಡುವಾಗ ಇಲ್ಲದ ಅಳತೆ ನಿಂತಾಗ ಸಿಗುತ್ತದೆ. ನಿಲ್ಲಿಸುವುದಕ್ಕೂ ಬ್ರೇಕ್ ಒತ್ತದೆ ಚಕ್ರಕ್ಕೆ ಕಲ್ಲು ಕೊಡುವುದು ವಾಸಿ.

ಸ್ಟಿಯರಿಂಗ್ ನೇರವಿಟ್ಟು, ಕೋಲನ್ನು ಮುಂದಿನ ಚಕ್ರಗಳ ಹಿಂಬದಿಗೆ ತಂದು, ಎರಡು ಮೊನೆಗಳನ್ನೂ ಎರಡು ಗೆರೆಗಳಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರ ಹಿಡಿದು ಹೊಂದಿಸಿ. ದೂರ ಹಿಡಿದರೆ ಕಣ್ಣು ಸರಿದ ಹಾಗೆಲ್ಲ ಅಳತೆಯೂ ಸರಿಯುತ್ತದೆ. ಈಗ ಕೋಲನ್ನು ಮೆಲ್ಲಗೆ ಎಳೆದುಕೊಂಡು ಚಕ್ರಗಳ ಮುಂಬದಿಗೆ ಬನ್ನಿ. ಕದಲದ ಮೊನೆಯನ್ನು ಒಂದು ಗೆರೆಗೆ ಇಟ್ಟು, ಬೋಲ್ಟಿನ ಮೊನೆ ಇನ್ನೊಂದು ಗೆರೆಗೆ ಮುಟ್ಟಲು ಎಷ್ಟು ಸುತ್ತು ಬೇಕೆಂದು ಎಣಿಸಿ. ಒಳಕ್ಕೆ ಎರಡು ಸುತ್ತು ತಿರುಗಿಸಬೇಕಾಯಿತೆಂದರೆ ಟೋ ಇನ್ 2 ಮಿ.ಮೀ. ಗೆರೆ ಎಳೆಯುವ ತಾಳ್ಮೆ ಇಲ್ಲದವರಿಗೆ ಅಡ್ಡದಾರಿಯೂ ಉಂಟು. ಟೈರಿನ ಹಿಂಬದಿಯಲ್ಲಿ ಒಂದೊಂದು ಚುಕ್ಕೆ ಇಟ್ಟು ಅಳೆದು, ಗಾಡಿಯನ್ನು ಚಕ್ರದ ಅರ್ಧ ಸುತ್ತು, ಅಂದರೆ ಸುಮಾರು 940 ಮಿ.ಮೀ. ಮುಂದಕ್ಕೆ ತಳ್ಳಿ, ಅದೇ ಚುಕ್ಕೆಗಳು ಮುಂಬದಿಗೆ ಬಂದಾಗ ಮತ್ತೆ ಅಳೆಯುವುದು. ಚುಕ್ಕೆ ಅವೇ ಆದ್ದರಿಂದ ಟೈರಿನ ಉಬ್ಬುತಗ್ಗು ಲೆಕ್ಕಕ್ಕೆ ಬರುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟೋ ನೋಡುವವರೂ ಆ ನೆಪ ಹೇಳುವ ಹಾಗಿಲ್ಲ, ಏಕೆಂದರೆ ನೆಲ ತುಸು ವಾಲಿದ್ದರೆ ಎರಡು ಚಕ್ರವೂ ಒಟ್ಟಿಗೇ ವಾಲುತ್ತವೆ. ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎಂದು ನೋಡುವಾಗ ಮಾತ್ರ ಆ ನೆಪ ಪೂರಾ ನಿಜ. ಗಾರೆಯವರ ತೂಗುಗುಂಡನ್ನು ಚಕ್ರದ ಮುಂದೆ ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ಇರುವ ದೂರ ನೋಡಿದರೆ ಕ್ಯಾಂಬರ್ ಸಿಗುತ್ತದೆ. ಹದಿನಾಲ್ಕು ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ ಸುಮಾರು 390 ಮಿ.ಮೀ., ಅದರಲ್ಲಿ ಒಂದು ಡಿಗ್ರಿ ಎಂದರೆ 7 ಮಿ.ಮೀ.ಗೆ ಒಂಚೂರು ಕಡಿಮೆ. ನೆಲದ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ ಮೊದಲೇ ನೋಡಿಕೊಂಡಿರಬೇಕು. ಆದರೆ ಎಷ್ಟೋ ಸಣ್ಣ ಕಾರುಗಳಲ್ಲಿ ಕ್ಯಾಂಬರನ್ನು ತಿದ್ದುವ ಏರ್ಪಾಡೇ ಇರುವುದಿಲ್ಲ. ತಿರುಗಿಸಲು ಸಿಗುವುದು ಮುಂದಿನ ಟೋ ಒಂದೇ. ಮನೆಕೆಲಸಕ್ಕೆ ಅದೇ ಅನುಕೂಲವೂ ಆಯಿತು.

ತಿರುಗಿಸುವುದು ಟೈ ರಾಡು. ಅದರ ಲಾಕ್ ನಟ್ಟಿಗೆ ಸಾಮಾನ್ಯವಾಗಿ 19 ಅಥವಾ 22ರ ಸ್ಪ್ಯಾನರು ಹತ್ತುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡದಿದ್ದರೆ ನಟ್ಟಿನ ಮೂಲೆ ಹೋಗುತ್ತದೆ, ಆಮೇಲೆ ಕೆಲಸ ವೆಲ್ಡಿಂಗ್ ಅಂಗಡಿಗೆ ಹೋಗುತ್ತದೆ. ಒಂದು ಸ್ಪ್ಯಾನರಿನಲ್ಲಿ ರಾಡಿನ ತುದಿಯನ್ನು ಹಿಡಿದು ಇನ್ನೊಂದರಲ್ಲಿ ನಟ್ಟು ಬಿಡಿಸಬೇಕು. ರಾಡು ತಿರುಗಿಸುವ ಮುಂಚೆ ಅದರ ಬುಡಕ್ಕೆ ಹೊದಿಸಿದ ರಬ್ಬರ್ ಬೂಟಿನ ಸಣ್ಣ ಕ್ಲಿಪ್ಪನ್ನು ಸಡಿಲಿಸದಿದ್ದರೆ ಬೂಟು ಹಿಂಡಿದ ಪಂಚೆಯ ಹಾಗೆ ಸುತ್ತಿಕೊಳ್ಳುತ್ತದೆ, ಹರಿಯುತ್ತದೆ, ಮೊದಲ ಮಳೆಗೇ ಸ್ಟಿಯರಿಂಗ್ ರ‍್ಯಾಕಿಗೆ ಕೆಸರುನೀರು. ರಾಡಿನ ಮರೆಯ ಅಂತರ ಒಂದೂವರೆ ಮಿ.ಮೀ., ರಾಡು ಹಿಡಿದು ಚಕ್ರವನ್ನು ತಿರುಗಿಸುವ ತೋಳು (ಸ್ಟಿಯರಿಂಗ್ ಆರ್ಮ್) 130 ಮಿ.ಮೀ. ಎಂದುಕೊಂಡರೆ ಕಾಲು ಸುತ್ತಿಗೆ ಆ ಚಕ್ರದ ಟೋ ಒಂದೂಮುಕ್ಕಾಲು ಮಿ.ಮೀ.ನಷ್ಟು ಬದಲಾಗುತ್ತದೆ. ರಾಡು ಅಚ್ಚಿನ ಹಿಂದಿದ್ದರೆ, ಉದ್ದ ಮಾಡಿದಾಗ ಟೋ ಇನ್. ಮುಂದಿದ್ದರೆ ಟೋ ಔಟ್. ಗಾಡಿಯಡಿ ಅಂಗಾತ ಮಲಗಿದವರಿಗೆ ಎಡಬಲ ಗೊಂದಲವಾಗುವುದು ಸಹಜ, ಹಾಗಾಗಿ ರಾಡಿಗೆ ಬಣ್ಣದ ಒಂದು ಗೀಟು ಹಾಕಿಕೊಂಡೇ ಶುರುಮಾಡಬೇಕು. ಗಾಡಿಯ ಕೆಳಕ್ಕೆ ಹೋಗುವ ಮುನ್ನ ಸ್ಟ್ಯಾಂಡು. ಇಟ್ಟಿಗೆ, ಹಾಲೋ ಬ್ಲಾಕು ಕೂಡದು. ಅವು ಬಿರುಕು ಬಿಡುವ ಮುಂಚೆ ಹೇಳಿಕಳಿಸುವುದಿಲ್ಲ.

ತಿದ್ದುಪಡಿಯನ್ನು ಎರಡು ಕಡೆಗೂ ಸಮನಾಗಿ ಹಂಚಬೇಕು. ಕೈಗೆ ಸಲೀಸಾಗಿ ಸಿಕ್ಕ ಕಡೆಯನ್ನಷ್ಟೇ ತಿರುಗಿಸಿದರೆ ಟೋ ಸರಿಹೋಗುತ್ತದೆ, ಸ್ಟಿಯರಿಂಗ್ ಸೊಟ್ಟಗಾಗುತ್ತದೆ. ಓಡುವ ಗಾಡಿಯಲ್ಲಿ ಎರಡು ಚಕ್ರಗಳೂ ರಾಜಿಯಾಗಿ ನಡುವಿನ ದಾರಿ ಹಿಡಿಯುತ್ತವಲ್ಲ, ಆ ರಾಜಿಯ ದಂಡ ಸ್ಟಿಯರಿಂಗಿಗೆ. ಸೊಟ್ಟ ತೆಗೆಯಲು ಒಂದು ರಾಡು ಎಷ್ಟು ಉದ್ದವಾಯಿತೋ ಇನ್ನೊಂದು ಅಷ್ಟೇ ಮೋಟಾಗಬೇಕು.

ಕೋಲಿಗೆ ತಿಳಿಯದ ಸಂಗತಿಯೂ ಇದೆ. ಮುಂದಿನ ಎರಡು ಚಕ್ರ ಒಂದನ್ನೊಂದು ಹೇಗೆ ನೋಡುತ್ತಿವೆ ಎಂದಷ್ಟೇ ಅದು ಹೇಳುತ್ತದೆ, ಹಿಂದಿನವು ಎತ್ತ ಹೊರಟಿವೆ ಎಂದು ಹೇಳುವುದಿಲ್ಲ. ಅದಕ್ಕೆ ಮೇಸ್ತ್ರಿಯ ನೈಲಾನ್ ದಾರವೇ ಬೇಕು. ಗಾಡಿಯ ಎರಡು ಪಕ್ಕಕ್ಕೂ ಚಕ್ರದ ನಡುಮಟ್ಟದಲ್ಲಿ ಬಿಗಿಯಾಗಿ ಎಳೆದು, ಮುಂದಿನ ಹಬ್ಬಿನಿಂದ (ಚಕ್ರದ ನಡುಗುಂಬದಿಂದ) ಎರಡು ಬದಿಗೂ ಒಂದೇ ದೂರ, ಹಿಂದಿನ ಹಬ್ಬಿನಿಂದ ಎರಡು ಬದಿಗೂ ಒಂದೇ ದೂರ ಇರುವಂತೆ ಕೂರಿಸಬೇಕು. ಹಿಂದಿನ ಎರಡು ಚಕ್ರಗಳ ನಡುವಿನ ಅಂತರವೂ ಮುಂದಿನ ಎರಡರ ಅಂತರವೂ ಒಂದೇ ಇರಬೇಕೆಂದಿಲ್ಲ. ಮುಂದೆ 1,400 ಮಿ.ಮೀ., ಹಿಂದೆ 1,390 ಮಿ.ಮೀ. ಇದ್ದರೆ ಹಿಂದೆ ಪ್ರತಿ ಬದಿಗೆ 5 ಮಿ.ಮೀ. ಹೆಚ್ಚು ಬಿಡಬೇಕು. ದಾರ ಟೈರಿನ ಉಬ್ಬಿಗೆ ತಾಗಿದರೆ ಅಷ್ಟೂ ಶ್ರಮ ನೀರುಪಾಲು. ಕ್ಯಾಸ್ಟರ್, ಅಂದರೆ ಚಕ್ರ ಎಡಬಲ ಹೊರಳುವ ಅಚ್ಚು ಹಿಂದಕ್ಕೋ ಮುಂದಕ್ಕೋ ಎಷ್ಟು ವಾಲಿದೆ ಎಂದು ನೋಡಬೇಕೆಂದರೆ ಇನ್ನೂ ಹೆಚ್ಚಿನ ಸರಂಜಾಮು ಬೇಕು. ಅಪಘಾತವಾದ ಗಾಡಿಯನ್ನೂ ಕ್ಯಾಸ್ಟರ್ ಅನುಮಾನದ ಗಾಡಿಯನ್ನೂ ಕ್ಯಾಮೆರಾ ಇಟ್ಟು ಅಲೈನ್‌ಮೆಂಟ್ ನೋಡುವ ಅಂಗಡಿಗೇ ಒಯ್ಯುವುದು ಸರಿ. ಅಲ್ಲಿ ಕೆಂಪು ಹಸಿರು ಅಂಕಿಗಳ ಚೀಟಿ ಕೊಡುತ್ತಾರೆ. ಆ ಚೀಟಿಯನ್ನೂ ಮನೆಯಲ್ಲಿ ಕೋಲು ಹಿಡಿದು ತಾಳೆ ನೋಡುವುದರಲ್ಲಿ ಒಂದು ಕಿಡಿಗೇಡಿ ಖುಷಿ ಇದೆ.

ಲಾಕ್ ನಟ್ಟು ಬಿಗಿಯುವಾಗ ರಾಡು ಕೂದಲಷ್ಟು ಸುತ್ತಿಕೊಳ್ಳುತ್ತದೆ. ಆದ್ದರಿಂದ ಬಿಗಿದ ಮೇಲೆ ಗಾಡಿಯನ್ನು ಮತ್ತೆ ಮುಂದಕ್ಕೆ ತಳ್ಳಿ, ಮತ್ತೆ ಕೋಲು ಹಿಡಿದು, ಹಿಂಬದಿಯಿಂದ ಮುಂಬದಿಗೆ ಮತ್ತೊಮ್ಮೆ ಬರಬೇಕು. ಅಷ್ಟು ಮಾಡಿ ರಸ್ತೆಗಿಳಿದರೆ, ಸೀಮೆಸುಣ್ಣದ ಗೆರೆ ಬೀದಿಯ ತಿರುವು ದಾಟುವ ಮೊದಲೇ ಅಳಿಸಿಹೋಗಿರುತ್ತದೆ.