ಚಟವೊಂದೇ ಕಾರಣವೇ?

‘ಬಡವರು ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಬೀಡಿ ಮತ್ತು ಕುಡಿತ’ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಾರೆ. ನಮ್ಮ ತಂದೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲರಾಗಿದ್ದರು. ಬೀಡಿ ಸೇದಿದವರಲ್ಲ, ಹೆಂಡ ಮುಟ್ಟಿದವರಲ್ಲ. ರಕ್ತದೊತ್ತಡದ ಮಾತ್ರೆಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ, ಅರ್ಧವನ್ನು ನಾಳೆಗೆಂದು ಕಾಗದದಲ್ಲಿ ಸುತ್ತಿಡುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ನಿಜ. ಆದರೆ ಅಲ್ಲಿ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಖೋತಾ. 51ಕ್ಕೇ ಹೋಗಿಬಿಟ್ಟರು.

ನಮ್ಮ ಮನೆಯ ಕಥೆ ಬಿಡಿ. 1967ರಲ್ಲಿ ಲಂಡನ್ನಿನಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಗಮನಿಸಿದ್ದು ಸುಮಾರು 18,000 ಸರ್ಕಾರಿ ನೌಕರರನ್ನು, ಎಲ್ಲರೂ ಗಂಡಸರು. ಅವರಲ್ಲಿ ಕೂಲಿಗಾಗಿ ಅಲೆಯುವವರಿರಲಿಲ್ಲ. ತಿಂಗಳ ಸಂಬಳವಿತ್ತು, ಉಚಿತ ಚಿಕಿತ್ಸೆಯೂ ಇತ್ತು. ಆದರೂ ತೀರಾ ಕೆಳದರ್ಜೆಯವರ ಸಾವಿನ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು! ಕೆಳಗಿನವರು ಹೆಚ್ಚು ಸೇದುತ್ತಿದ್ದರು, ಒಪ್ಪುತ್ತೇನೆ. ಆದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರದ ಬಹುಪಾಲು ಹಾಗೆಯೇ ಉಳಿಯಿತು. ಅದು ಯಾವ ಚಟದ ಫಲ ಎಂದು ಲೇಖಕರು ಹೇಳಲಿ.

ಪರಿಹಾರವಾಗಿ ‘ಜಾಗೃತಿ ಶಿಬಿರ’ ಸೂಚಿಸಿದ್ದಾರೆ. ಇಡುವುದಿದ್ದರೆ ದಯವಿಟ್ಟು ಭಾನುವಾರ ಇಡಿ, ಕೂಲಿಯಾದರೂ ಉಳಿಯುತ್ತದೆ.