ಮದುವೆಯಾಗದೆ ಹುಚ್ಚು ಬಿಡದು, ಡ್ರೈವರ್ ಇಲ್ಲದೆ ನೆಟ್ ಬಾರದು

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಕಂಪನಿ ಬೆಂಬಲ ನಿಲ್ಲಿಸಿ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟ ಸುದ್ದಿಯನ್ನು ಓದುಗರು ಮರೆತಿರಲಾರರು. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಯಂತ್ರಗಳಿಗೆ ವಿಂಡೋಸ್ 11ರ ಭಾಗ್ಯವಿಲ್ಲವೆಂಬ ತೀರ್ಪು ಅದಕ್ಕೂ ಮೊದಲೇ ಬಂದಿತ್ತು. ಹೀಗಾಗಿ, ಹನ್ನೊಂದು ವರ್ಷ ಒಂದು ದಿನವೂ ರಜೆ ಕೇಳದೆ ದುಡಿದ ಅಕ್ಕನ ಮನೆಯ ಡೆಸ್ಕ್‌ಟಾಪಿಗೆ ಹೊಸ ಮದರ್‌ಬೋರ್ಡ್ ಕೂರಿಸುವ ಕೆಲಸ ನನ್ನ ಮತ್ತು ಅವಳ ಮಗನ ಪಾಲಿಗೆ ಬಂತು. ಎಸ್.ಪಿ. ರಸ್ತೆಯಿಂದ ತಂದ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ಬೋರ್ಡು, ಎರಡು ಸಾಟಾ ಕೇಬಲ್, ಕ್ಯಾಬಿನೆಟ್ಟಿಗೆ ಅಂಟಿಸಿಕೊಳ್ಳಲು ಹೊಳೆಯುವ ಸ್ಟಿಕ್ಕರುಗಳು ಮತ್ತು ಬಿಳಿ ಕಾಗದದ ಲಕೋಟೆಯಲ್ಲಿ ಒಂದು ಡಿವಿಡಿ ಇದ್ದವು. ಬೋರ್ಡಿನ ಭಾಗಗಳನ್ನು ವಿಂಡೋಸಿಗೆ ಪರಿಚಯಿಸಿ ದುಡಿಸುವ ಡ್ರೈವರ್ ಎಂಬ ತಂತ್ರಾಂಶಗಳೆಲ್ಲ ಆ ಡಿವಿಡಿಯಲ್ಲಿವೆ. ಹೊಸ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಗಾಜಿದೆ, ಮೂರು ಬಣ್ಣದ ಫ್ಯಾನ್‌ಗಳಿವೆ, ಡಿವಿಡಿ ಹಾಕುವ ಜಾಗ ಮಾತ್ರ ಇಲ್ಲ. ಹುಡುಗ ಲಕೋಟೆಯನ್ನು ತಿರುಗಿಸಿ ನೋಡಿ, “ಇದೇನು ಮಾವ, ಉಡುಗೊರೆಯೇ?” ಎಂದು ಕೇಳಿದ.

ವಿಂಡೋಸ್ 11ರ ಹೋಂ ಆವೃತ್ತಿಯನ್ನು ಹಾಕುವಾಗ ಇಂಟರ್ನೆಟ್ ಸಂಪರ್ಕ ಇರಲೇಬೇಕೆಂಬುದು ಅದು ಹೊರಬಂದ 2021ರಿಂದಲೂ ಇರುವ ಕಟ್ಟಳೆ. ಪ್ರೊ ಆವೃತ್ತಿಯನ್ನು ಸ್ವಂತಕ್ಕೆ ಬಳಸುವವರಿಗೂ 2022ರಲ್ಲಿ ಅದೇ ಕಟ್ಟಳೆ ಅನ್ವಯವಾಯಿತು. ಸಂಪರ್ಕ ಬೇಕೆಂದರೆ ನೆಟ್ ಕೇಬಲ್ಲನ್ನು ನೋಡಿಕೊಳ್ಳುವ ಬೋರ್ಡಿನ ಲ್ಯಾನ್ ಚಿಪ್ಪಿಗೆ ಡ್ರೈವರ್ ಬೇಕು. ಚಿಪ್ಪು ಹೊಸದಾಗಿದ್ದು ಅದರ ಡ್ರೈವರ್ ಸೆಟಪ್ಪಿನ ಜೋಳಿಗೆಯಲ್ಲಿ ಇಲ್ಲದಿದ್ದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಹುಚ್ಚು ಮತ್ತು ಮದುವೆಯ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಇಂತಹ ಪರದೆಯ ಮುಂದೆ ಕುಳಿತಿರಲಿಲ್ಲವೆಂದು ನಂಬುವುದು ಕಷ್ಟ. ಶಿಫ್ಟ್ ಮತ್ತು ಎಫ್10 ಒತ್ತಿ ಕಪ್ಪು ಕಿಟಕಿಯೊಂದರಲ್ಲಿ ‘ಬೈಪಾಸ್‌ಎನ್‌ಆರ್‌ಒ’ ಎಂಬ ಮಂತ್ರವನ್ನು ಟೈಪಿಸಿದರೆ ಈ ಸುಳಿಯಿಂದ ಪಾರಾಗಬಹುದೆಂದು ಜನ ಹೇಗೋ ಕಂಡುಕೊಂಡಿದ್ದರು. 2025ರ ಮಾರ್ಚ್‌ನಲ್ಲಿ ಪರೀಕ್ಷಾ ಆವೃತ್ತಿಯೊಂದರಿಂದ ಮೈಕ್ರೊಸಾಫ್ಟ್ ಆ ಮಂತ್ರದ ಪುಟ್ಟ ಕಡತವನ್ನೂ ಕಿತ್ತುಹಾಕಿತು. ಭದ್ರತೆಯೂ ಬಳಕೆದಾರರ ಅನುಭವವೂ ಉತ್ತಮಗೊಳ್ಳಲೆಂದು ಹೀಗೆ ಮಾಡಲಾಗಿದೆಯಂತೆ. ಬಾವಿಗೆ ಬಿದ್ದವನು ಹಗ್ಗ ಹಿಡಿದು ಮೇಲೆ ಬರುತ್ತಿದ್ದನೆಂಬ ಕಾರಣಕ್ಕೆ ಹಗ್ಗವನ್ನೇ ತೆಗೆದು, ಇನ್ನು ನಿನ್ನ ಈಜು ಸುಧಾರಿಸುತ್ತದೆ ಎನ್ನುವಂತಹ ಕಾಳಜಿ ಇದು.

ಬೋರ್ಡಿನಲ್ಲೇ ಡ್ರೈವರ್ ಇಟ್ಟು ಕಳಿಸಲು ಜಾಗವಿಲ್ಲವೇ ಎಂದು ಕೇಳುವವರು ತಯಾರಕರ ಜಾಣ್ಮೆಯನ್ನು ಅರಿಯದವರು. ಈಗಿನ ಬೋರ್ಡುಗಳಲ್ಲಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಇರುವ ಚಿಪ್ಪಿನಲ್ಲಿ ಸಾಮಾನ್ಯವಾಗಿ 16 ಅಥವಾ 32 ಎಂಬಿ ಜಾಗವಿರುತ್ತದೆ. ಅದರಲ್ಲಿ ಕಂಪನಿಯ ಲಾಂಛನವಿರುತ್ತದೆ, ಯುದ್ಧವಿಮಾನದ ಕಾಕ್‌ಪಿಟ್ಟನ್ನು ನಾಚಿಸುವ ಕೆಂಪು ಕಪ್ಪು ಮೆನು ಇರುತ್ತದೆ. ಅಷ್ಟೇ ಅಲ್ಲ, ಬಯಾಸ್ ತನ್ನೊಳಗಿನ ಪ್ರೋಗ್ರಾಮೊಂದನ್ನು ವಿಂಡೋಸಿನ ಕೈಗಿತ್ತು ತಾನಾಗಿ ಓಡಿಸಿಕೊಳ್ಳುವ ದಾರಿಯೂ ವಿಂಡೋಸ್ 8ರ ಕಾಲದಿಂದ ಇದೆ. ಕಳುವಾದ ಲ್ಯಾಪ್‌ಟಾಪನ್ನು ಪತ್ತೆಹಚ್ಚುವಂತಹ ಸತ್ಕಾರ್ಯಗಳಿಗೆಂದು ತೆರೆದ ಈ ಬಾಗಿಲಿನಿಂದ ಈಗ ಒಳಬರುವುದು “ನಮ್ಮ ಆ್ಯಪ್ ಹಾಕಿಕೊಳ್ಳುವಿರಾ, ಬೋರ್ಡಿನ ದೀಪಗಳು ಏಳು ಬಣ್ಣದಲ್ಲಿ ಕುಣಿಯುತ್ತವೆ” ಎಂದು ಕೇಳುವ ಆಳು. 2023ರ ಮೇ ಕೊನೆಯಲ್ಲಿ ಎಕ್ಲಿಪ್ಸಿಯಂ ಎಂಬ ಭದ್ರತಾ ಸಂಸ್ಥೆ ಗಿಗಾಬೈಟ್ ಕಂಪನಿಯ 270ಕ್ಕೂ ಹೆಚ್ಚು ಮಾದರಿಯ ಬೋರ್ಡುಗಳಲ್ಲಿ ಇಂತಹದೊಂದು ಆಳು ಸರಿಯಾದ ಗುರುತು ಪರೀಕ್ಷೆಯಿಲ್ಲದೆ ಇಂಟರ್ನೆಟ್ಟಿನಿಂದ ಸರಕು ಹೊತ್ತು ತರುವುದನ್ನು ಬಯಲು ಮಾಡಿತು. ಕಂಪನಿ ಆಮೇಲೆ ಬಯಾಸ್ ತಿದ್ದಿ ಕೊಟ್ಟಿತು. ಮೆಚ್ಚಬೇಕಾದದ್ದು ಇಲ್ಲಿನ ವಿವೇಕವನ್ನು. ಜಾಹೀರಾತಿನ ಆಳಿಗೆ ಚಿಪ್ಪಿನಲ್ಲಿ ಮಂಚ ಹಾಸಿ ಮಲಗಿಸಿದವರಿಗೆ, ಒಂದೆರಡು ಎಂಬಿ ಇರುವ ಲ್ಯಾನ್ ಡ್ರೈವರಿಗೆ ಅದರ ಕಾಲ ಬಳಿ ಚಾಪೆ ಹಾಕಲು ಜಾಗ ಕಾಣಲಿಲ್ಲ. ಈಚೆಗೆ ಕೆಲವು ಬೋರ್ಡುಗಳಲ್ಲಿ ವೈಫೈ ಡ್ರೈವರನ್ನು ಹಾಗೆ ಇಟ್ಟು ಕಳಿಸುತ್ತಿದ್ದಾರೆ, ಅದನ್ನೂ ಹೊಸ ಆವಿಷ್ಕಾರವೆಂದು ಸಾರುತ್ತಿದ್ದಾರೆ.

ಯಂತ್ರದ ಸಾಧನಗಳ ಪಟ್ಟಿ ತೋರಿಸುವ ವಿಂಡೋಸಿನ ಡಿವೈಸ್ ಮ್ಯಾನೇಜರ್ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ, ಏಕೆಂದರೆ ಅದರ ಭಾಷೆ ನಮ್ಮ ಸರ್ಕಾರಿ ಟಿಪ್ಪಣಿಗಳ ಗತ್ತನ್ನು ಉಳಿಸಿಕೊಂಡಿದೆ. ಹಳದಿ ತ್ರಿಕೋನದ ಜೊತೆ ಬರುವ ಕೋಡ್ 28 ಎಂದರೆ ಡ್ರೈವರ್ ಹಾಕಿಲ್ಲ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ, ಕಾರಣ ಕೇಳಬೇಡಿ. ಎಲ್ಲಕ್ಕಿಂತ ಸೊಗಸಾದದ್ದು ಕೋಡ್ 43: ಈ ಸಾಧನವು ತೊಂದರೆಗಳನ್ನು ವರದಿ ಮಾಡಿದ್ದರಿಂದ ಇದನ್ನು ನಿಲ್ಲಿಸಲಾಗಿದೆ. ದೂರು ಕೊಟ್ಟವನನ್ನೇ ಅಮಾನತಿನಲ್ಲಿಡುವ ಈ ಪದ್ಧತಿಯನ್ನು ಕಂಪ್ಯೂಟರಿಗೆ ಯಾರು ಕಲಿಸಿದರೋ ತಿಳಿಯದು. ಕೋಡ್ 10ರ ತ್ರಿಕೋನವನ್ನು ಹೊತ್ತ ಸಾಧನದ ಮೇಲೆ ‘ಅಪ್‌ಡೇಟ್ ಡ್ರೈವರ್’ ಒತ್ತಿದರೆ, ನಿಮ್ಮ ಸಾಧನಕ್ಕೆ ಅತ್ಯುತ್ತಮವಾದ ಡ್ರೈವರುಗಳು ಈಗಾಗಲೇ ಇವೆ ಎಂಬ ಸಮಾಧಾನವೂ ಸಿಗುತ್ತದೆ.

ಇನ್ನು ಜಾತಕದ ವಿಷಯ. ಡ್ರೈವರಿನ ಪ್ರಾಪರ್ಟೀಸ್ ತೆರೆದರೆ ಅಲ್ಲಿ ದಿನಾಂಕವಿರುತ್ತದೆ. ಇಂಟೆಲ್ ಚಿಪ್‌ಸೆಟ್ಟಿನ ಹಲವು ಡ್ರೈವರುಗಳು ಹುಟ್ಟಿದ್ದು 1968ರ ಜುಲೈ 18ರಂದು ಎಂದು ಬರೆದಿರುತ್ತದೆ. ಅದು ಇಂಟೆಲ್ ಕಂಪನಿಯೇ ಹುಟ್ಟಿದ ದಿನ. ಆಗ ಯುಎಸ್‌ಬಿ ಇರಲಿಲ್ಲ, ವಿಂಡೋಸ್ ಇರಲಿಲ್ಲ, ಮೈಕ್ರೊಪ್ರೊಸೆಸರೂ ಇರಲಿಲ್ಲ. ಡ್ರೈವರ್ ಮಾತ್ರ ಸಿದ್ಧವಾಗಿ ಕಾಯುತ್ತಿತ್ತು. ಕರ್ನಾಟಕ ಸರ್ಕಾರದ ನೌಕರನಾಗಿದ್ದರೆ ಅದು 2028ರ ಜುಲೈ ಅಂತ್ಯಕ್ಕೆ ನಿವೃತ್ತವಾಗಬೇಕಿತ್ತು. ಮೈಕ್ರೊಸಾಫ್ಟಿನ ಸ್ವಂತ ಡ್ರೈವರುಗಳದು ಹೀಗೆಯೇ 2006ರ ಜೂನ್ 21. ವಿಂಡೋಸ್ 11ರಲ್ಲಿ ಕೂಡ ಮೌಸು ಕೀಲಿಮಣೆಗಳ ಜನ್ಮದಿನ ಅದೇ. ಇದರ ಹಿಂದೆ ತರ್ಕವಿದೆ ಎಂಬುದೇ ಹೆಚ್ಚು ಬೇಸರದ ಸಂಗತಿ. ಒಂದೇ ಸಾಧನಕ್ಕೆ ಸಮಾನವಾಗಿ ಹೊಂದುವ ಎರಡು ಡ್ರೈವರುಗಳು ಸಿಕ್ಕಾಗ ವಿಂಡೋಸ್ ಇತ್ತೀಚಿನ ದಿನಾಂಕದ್ದನ್ನು ಆರಿಸುವುದರಿಂದ, ಸಾಮಾನ್ಯ ಡ್ರೈವರು ತಯಾರಕರ ವಿಶೇಷ ಡ್ರೈವರನ್ನು ಪಕ್ಕಕ್ಕೆ ತಳ್ಳದಿರಲೆಂದು ಅದಕ್ಕೆ ಬೇಕೆಂದೇ ಹಳೆಯ ದಿನಾಂಕ ಹಾಕುತ್ತಾರೆ. ವ್ಯವಸ್ಥೆ ಸರಿಯಾಗಿ ನಡೆಯಬೇಕಾದರೆ ಸುಳ್ಳು ಜನನ ಪ್ರಮಾಣಪತ್ರ ಬೇಕು. ಅದನ್ನು ನೋಡಿದ ಗ್ರಾಹಕ ಗಾಬರಿಯಾಗಿ ಡ್ರೈವರ್ ತೀರಾ ಹಳೆಯದೆಂದು ಅಪ್‌ಡೇಟ್ ಹುಡುಕಲು ಹೊರಡುತ್ತಾನೆ, ಅಲ್ಲಿಂದ ಅವನ ವನವಾಸ ಶುರುವಾಗುತ್ತದೆ.

ಹುಡುಕುವ ಪುಟವಾದರೂ ಎಂತಹದು! ಬೋರ್ಡಿನ ಹೆಸರು ಒಂದೇ ಆದರೂ ರಿವಿಷನ್ 1.0, 1.1, 1.2 ಎಂದು ಮೂರು ದಾಯಾದಿಗಳು, ಒಂದರಲ್ಲಿರುವ ಲ್ಯಾನ್ ಚಿಪ್ಪು ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಆ ಸಂಖ್ಯೆ ಅಚ್ಚಾಗಿರುವುದು ಬೋರ್ಡಿನ ಮೂಲೆಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಬಹಳ ಸಲ ಗ್ರಾಫಿಕ್ಸ್ ಕಾರ್ಡಿನ ಮರೆಯಲ್ಲಿ. ವೈಫೈಗೆ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಎಂದು ಮೂರು ಡ್ರೈವರುಗಳನ್ನು ಸಾಲಾಗಿ ಇಟ್ಟು, ನಿಮ್ಮದು ಯಾವುದೆಂದು ನೀವೇ ಅರಿಯಿರಿ ಎಂದು ಬಿಟ್ಟಿರುತ್ತಾರೆ. ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂಬ ಪ್ರಶ್ನೆಗೆ ವರ್ಷಗಳಿಂದ ಒಂದೇ ಉತ್ತರ: ಸ್ಥಿರತೆಯನ್ನು ಸುಧಾರಿಸಲಾಗಿದೆ. ಅಪರಿಚಿತ ಸಾಧನದ ಹಾರ್ಡ್‌ವೇರ್ ಐಡಿಯಲ್ಲಿ ‘ವೆನ್’ ಎಂಬುದರ ಮುಂದೆ 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್ ಎಂದು ತಿಳಿಯಬೇಕು. ಗಣಕದ ಅಂಗಡಿಯವರಿಗೆ ಬಾಯಿಪಾಠವಾಗಿರುವ ಈ ಎರಡು ಸಂಖ್ಯೆಗಳನ್ನು ಗ್ರಾಹಕನಿಗೆ ಯಾರೂ ಹೇಳಿಕೊಡುವುದಿಲ್ಲ.

ಇದೆಲ್ಲ ನಗುವ ವಿಷಯವೆಂದು ನಾನೂ ಎಷ್ಟೋ ವರ್ಷ ಅಂದುಕೊಂಡಿದ್ದೆ. ತಾಲ್ಲೂಕು ಕೇಂದ್ರವೊಂದರ ಸೈಬರ್ ಅಂಗಡಿಯಲ್ಲಿ, ರಾತ್ರಿ ತಾನಾಗಿ ಬಂದ ಅಪ್‌ಡೇಟ್ ಚೆನ್ನಾಗಿದ್ದ ಲ್ಯಾನ್ ಡ್ರೈವರನ್ನು ಬದಲಿಸಿ ಕೆಡಿಸಿದ್ದ ಬೆಳಗ್ಗೆಯನ್ನು ನೋಡಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಅಂಗಡಿಯ ಹುಡುಗ ಹಳೆಯ ಡ್ರೈವರಿಗೆ ಮರಳಿಸುವ ‘ರೋಲ್ ಬ್ಯಾಕ್’ ಗುಂಡಿಯನ್ನು ಒತ್ತಲು ನೋಡಿದ, ಅದು ಬೂದುಬಣ್ಣಕ್ಕೆ ತಿರುಗಿ ಸತ್ತಿತ್ತು. ಹೊರಗೆ ಬೆಂಚಿನ ಮೇಲೆ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಒಂದು ದಿನದ ಕೂಲಿ ಬಿಟ್ಟು ಬಂದ ಹೆಂಗಸರಿದ್ದರು, ಹಾಸ್ಟೆಲ್ ಅರ್ಜಿಯ ಕೊನೆಯ ದಿನವೆಂದು ಓಡಿಬಂದ ಹುಡುಗಿಯಿದ್ದಳು. ಮಧ್ಯಾಹ್ನದವರೆಗೂ ಅವರು ಬೈದದ್ದು ಆ ಹುಡುಗನನ್ನು. ಡ್ರೈವರ್ ಕೆಡಿಸಿದವರ ಹೆಸರು ಆ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಅವರ ಬಾಗಿಲಿಗೆ ಹೋಗಿ ನಿಲ್ಲುವ ಹಾಗಿರಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತು ಕೊಂಡ ದಿನ ನಡೆಯಬೇಕು, ಮರುದಿನವೂ ನಡೆಯಬೇಕು. ಇದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುತ್ತಿಲ್ಲ.

ಅಕ್ಕನ ಮನೆಯಲ್ಲಿ ಕೊನೆಗೆ ಕೈಹಿಡಿದದ್ದು ಹುಡುಗನ ಆಂಡ್ರಾಯ್ಡ್ ಫೋನು. ಅದನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಹಂಚುವ ಟೆದರಿಂಗ್ ಒತ್ತಿದ ಕೂಡಲೇ ಪರದೆ ಮುಂದಕ್ಕೆ ಸರಿಯಿತು. ಹೊರಗಿನಿಂದ ಬಂದ ಫೋನನ್ನು ಗುರುತಿಸಿದ ಯಂತ್ರ ತನ್ನ ಮೈಮೇಲೆಯೇ ಬೆಸೆದಿದ್ದ ಲ್ಯಾನ್ ಪೋರ್ಟನ್ನು ಗುರುತಿಸಿರಲಿಲ್ಲ. ನೆಟ್ ಬಂದ ಎರಡನೆಯ ನಿಮಿಷಕ್ಕೆ, ಲ್ಯಾನ್ ಡ್ರೈವರಿಗಿಂತ ಮೊದಲು, ಮೂಲೆಯಲ್ಲಿ ದೀಪ ಕುಣಿಸುವ ಆ್ಯಪಿನ ಆಹ್ವಾನ ಬಂತು. ಅದನ್ನು ಮುಚ್ಚಿ, ಸರಿಯಾದ ರಿವಿಷನ್ನಿನ ಡ್ರೈವರ್ ಇಳಿಸಿ ಹಾಕಿದೆವು. ಹುಡುಗ ಅದನ್ನೊಂದು ಪೆನ್‌ಡ್ರೈವಿಗೂ ಹಾಕಿ, ಅದಕ್ಕೆ ದಾರ ಪೋಣಿಸಿ ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂಗೆ ಬಿಗಿಯಾಗಿ ಕಟ್ಟಿದ. ಸಂಜೆ ಧೂಳು ಒರೆಸಲು ಬಂದ ಅಕ್ಕ ಅದನ್ನು ಬೆರಳಿನಲ್ಲಿ ಎತ್ತಿ ನೋಡಿ, “ತಾಯಿತ ಯಾವಾಗ ಕಟ್ಟಿಸಿದಿರಿ?” ಎಂದು ಕೇಳಿದಳು.