‘ಅಲಿಬೈ’ ಎಂದರೆ ಬರೀ ನೆಪವಲ್ಲ
ನಾನು ಓದಿದ ಲೇಖನವೊಂದರಲ್ಲಿ ‘ಅಲಿಬೈ’ (alibi) ಎಂಬ ಇಂಗ್ಲಿಷ್ ಪದಕ್ಕೆ ‘ನೆಪ’ ಎಂಬ ಒಂದೇ ಅರ್ಥ ಕೊಟ್ಟಿರುವುದು ಪೂರ್ತಿ ತಪ್ಪಲ್ಲ. ಇಂದಿನ ಆಡುಮಾತಿನ ಇಂಗ್ಲಿಷಿನಲ್ಲಿ ಆ ಬಳಕೆ ಉಂಟು, ಆದರೆ ಅದು ತೀರಾ ಈಚಿನದು. ಲ್ಯಾಟಿನ್ನಿನಲ್ಲಿ ಇದು ನಾಮಪದವೇ ಅಲ್ಲ, ‘ಬೇರೊಂದು ಕಡೆ’ ಎಂಬ ಅವ್ಯಯ. ನಮ್ಮ ‘ಅನ್ಯತ್ರ’ಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಇಂಗ್ಲಿಷ್ ನ್ಯಾಯಾಲಯಗಳ ಮೂಲಕ ಅದು ನಾಮಪದವಾಗಿ, ಕೃತ್ಯ ನಡೆದ ಹೊತ್ತಿನಲ್ಲಿ ಆರೋಪಿ ಅಲ್ಲಿರಲಿಲ್ಲ, ಬೇರೆಡೆ ಇದ್ದ ಎಂಬ ವಾದಕ್ಕೆ ಹೆಸರಾಯಿತು. 1872ರ ಸಾಕ್ಷ್ಯ ಅಧಿನಿಯಮದ 11ನೆಯ ಕಲಮು ಈ ಪದವನ್ನು ಬಳಸದೆಯೇ, ಕಲ್ಕತ್ತೆಯಲ್ಲಿ ಅಪರಾಧ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಎಂಬ ನಿದರ್ಶನದಿಂದ ಇದನ್ನೇ ವಿವರಿಸಿತ್ತು.

ಆ ದೂರಕ್ಕೆ ಅರ್ಥವಿದೆ. ದಾವಣಗೆರೆಯಲ್ಲಿ ಕಳವಾದ ಸಂಜೆ ತಾನು ಚಿತ್ರದುರ್ಗದ ಕೋಟೆ ನೋಡುತ್ತಿದ್ದೆ ಎಂದು ಒಬ್ಬನು ಹೇಳಿದರೆ ಸಾಲದು; ಹೆದ್ದಾರಿಯಲ್ಲಿ ಅದು ಒಂದು ತಾಸಿನ ಹಾದಿ (ಬೈಕಿನ ಹುಡುಗರನ್ನು ಕೇಳಿದರೆ ಇನ್ನೂ ಕಡಿಮೆ ಹೇಳುತ್ತಾರೆ). ಆ ಗಳಿಗೆಯಲ್ಲಿ ಸ್ಥಳದಲ್ಲಿರುವುದು ಅಸಾಧ್ಯವಾಗಿತ್ತು ಎಂಬುದನ್ನು ಅವನೇ ರುಜುವಾತುಪಡಿಸಬೇಕು. ನೆಪಕ್ಕೆ ಇಂಥ ಹೊರೆ ಇಲ್ಲ. ಆದ್ದರಿಂದ ಕಾನೂನಿನ ಸಂದರ್ಭದಲ್ಲಾದರೂ ‘ಅನ್ಯತ್ರ ಇದ್ದ ವಾದ’ ಎಂದು ಬರೆಯುವುದು ಮೇಲು ಎಂದು ನನ್ನ ಅನಿಸಿಕೆ.